ತೊಂಬತ್ತು ಡಿಗ್ರಿಯ ಸಮಾಧಾನ



ನನ್ನ ಬಳಿ ರೇಖಾಗಣಿತ ಕಲಿತವರಲ್ಲಿ ಅನೇಕರು ಈಗಲೂ ಭೇಟಿಯಾದಾಗ ಒಂದು ಮಾತನ್ನು ನೆನಪಿಸುವುದುಂಟು. 60 ಡಿಗ್ರಿಯ ಕೋನ ರಚಿಸಿರೆಂದರೆ 62 ಬಂದರೂ ನಾನು ಅರ್ಧ ಅಂಕ ಕಳೆಯುತ್ತಿದ್ದೆನಂತೆ. "ಪೆನ್ಸಿಲ್ ಮೊನೆ ದಪ್ಪ ಆಗಿತ್ತು ಸಾರ್" ಎಂದು ಗೋಗರೆದರೂ ಕರಗುತ್ತಿರಲಿಲ್ಲವಂತೆ. ನಿಜ. ಒಂದು ಡಿಗ್ರಿ ಆಚೀಚೆಯಾದರೆ ಕ್ಷಮೆಯಿತ್ತು, ಎರಡಾದರೆ ಇರಲಿಲ್ಲ. ಅಷ್ಟು ಬಿಗಿಯಾಗಿದ್ದ ಈ ಮೇಷ್ಟ್ರು ತನ್ನ ಮನೆಯಲ್ಲಿಯೇ, ತನ್ನ ಕಣ್ಣೆದುರಿಗೇ ನಡೆದ 16 ಡಿಗ್ರಿಯ ತಪ್ಪನ್ನು ಆರು ವಾರಗಳ ಕಾಲ ಗಮನಿಸದೆ ಸಂತೋಷವಾಗಿದ್ದನೆಂದರೆ ನೀವು ನಂಬಲಾರಿರಿ. ಆದರೆ ನಡೆದದ್ದು ಹಾಗೆಯೇ.

ಬಂಧುಗಳಿಗೆ ಗೊತ್ತಿರುವಂತೆ 2023ರಲ್ಲಿ ನನ್ನ ಶ್ರೀಮತಿಯ ಬಲ ಮೊಣಕಾಲಿನ ಕೀಲು ಬದಲಾವಣೆಯ ಶಸ್ತ್ರಚಿಕಿತ್ಸೆಯಾಯಿತು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ನಡೆಯಿತು. ಆದರೆ ಮೊಣಕಾಲಿನ ವಿಷಯದಲ್ಲಿ ವೈದ್ಯರು ಮಾಡುವುದು ಅರ್ಧ ಕೆಲಸ ಮಾತ್ರ. ಉಳಿದರ್ಧವನ್ನು ರೋಗಿಯೂ ಫಿಸಿಯೋಥೆರಪಿಯವರೂ ಸೇರಿ, ನೋವು ನುಂಗಿಕೊಂಡು, ದಿನದಿನವೂ ಮಾಡಬೇಕು. ಹೊಸ ಕೀಲನ್ನು ಮೊದಲ ವಾರಗಳಲ್ಲಿ ಮಡಿಸಿ ನೀಡಿ ಅಭ್ಯಾಸ ಮಾಡಿಸದಿದ್ದರೆ ಒಳಗೆ ಗಾಯ ಮಾಯುವಾಗ ಬೆಳೆಯುವ ನಾರಿನಂಥ ಅಂಗಾಂಶ ಬಿಗಿದುಕೊಳ್ಳುತ್ತದೆ. ಕಾಲಿಗೆ ಬೇಲಿ ಹಾಕಿದಂತಾಗುತ್ತದೆ. ಆದ್ದರಿಂದಲೇ ವಾರವಾರವೂ ಕೇಳುವ ಪ್ರಶ್ನೆ ಒಂದೇ: ಎಷ್ಟು ಡಿಗ್ರಿ ಮಡಿಯುತ್ತಿದೆ?

ನಾವು ವ್ಯಾಯಾಮಕ್ಕೆ ಹೋಗುತ್ತಿದ್ದ ಕಡೆ ಒಬ್ಬ ಯುವಕರಿದ್ದರು. ಬಹಳ ಮೃದು ಮಾತಿನವರು. ಶ್ರೀಮತಿಯನ್ನು "ಅಮ್ಮ" ಎಂದೇ ಕರೆಯುತ್ತಿದ್ದರು. ಎರಡನೆಯ ವಾರದ ಕೊನೆಗೆ ಆಕೆಯನ್ನು ಎತ್ತರದ ಮಂಚದ ಅಂಚಿಗೆ ಕೂರಿಸಿ, ಕೆಳಗೆ ದಿಂಬು ಕೊಟ್ಟು, ಕಾಲನ್ನು ಇಳಿಬಿಡಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿ, "ತೊಂಬತ್ತು ಬಂದಿದೆ ಅಮ್ಮ, ತುಂಬಾ ಚೆನ್ನಾಗಿದೆ" ಎಂದರು. ಚೀಟಿಯಲ್ಲಿ 90 ಎಂದು ಬರೆದರು. ನಾಲ್ಕನೆಯ ವಾರವೂ 90. ಆರನೆಯ ವಾರವೂ 90. ನಾನು ಆ ಚೀಟಿಯನ್ನು ಫೋಟೋ ತೆಗೆದು ಬೆಂಗಳೂರಿನ ಮಗನಿಗೂ ಅಮೆರಿಕದ ಮಗಳಿಗೂ ಕಳುಹಿಸಿದೆ. ನಿಮ್ಮಲ್ಲಿ ಕೆಲವರಿಗೂ ಕಳುಹಿಸಿರಬೇಕು; ಅಭಿನಂದನೆಗಳೂ ಬಂದಿದ್ದವು.

ಆದರೆ ಮನೆಯಲ್ಲಿ ಬೇರೆಯೇ ಕಥೆ. ಊಟದ ಮೇಜಿನ ಕುರ್ಚಿಯಿಂದ ಏಳುವಾಗ ಆಕೆ ಬಲಗಾಲನ್ನು ಮುಂದಕ್ಕೆ ಚಾಚಿ, ಎರಡೂ ಕೈಗಳನ್ನೂರಿ, ಎಡಗಾಲಿನ ಮೇಲೆಯೇ ಭಾರ ಹಾಕಿ ಏಳುತ್ತಿದ್ದಳು. ಮೆಟ್ಟಿಲನ್ನು ಮಕ್ಕಳಂತೆ ಒಂದೊಂದಕ್ಕೂ ಎರಡೂ ಪಾದವಿಟ್ಟು ಹತ್ತುತ್ತಿದ್ದಳು. ಒಂದು ದಿನ, "ರೀ, ತೊಂಬತ್ತು ತೊಂಬತ್ತು ಅಂತಾರೆ, ಆ ತೊಂಬತ್ತು ನನ್ನ ಕಾಲಲ್ಲಿ ಎಲ್ಲಿದೆ ಅಂತಲೇ ಗೊತ್ತಾಗ್ತಿಲ್ಲ" ಎಂದಳು. ನಾನು ಏನು ಹೇಳಿದೆ ಗೊತ್ತೇ? "ಧೈರ್ಯ ತಂದುಕೋ, ಅಭ್ಯಾಸ ಸಾಲದು" ಎಂದೆ. ಅಂಕಪಟ್ಟಿಯನ್ನು ನಂಬಿ ವಿದ್ಯಾರ್ಥಿಯನ್ನೇ ಅನುಮಾನಿಸಿದ ಮೇಷ್ಟ್ರ ಮಾತು ಅದು. ಅದಕ್ಕಾಗಿ ನಾನು ಇಂದಿಗೂ ನಾಚುತ್ತೇನೆ.

ಏಳನೆಯ ವಾರ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರ ಬಳಿಗೆ ಹೋದೆವು. ಅಲ್ಲಿ ಒಬ್ಬ ಹೆಣ್ಣುಮಗಳು ಅಳತೆ ತೆಗೆದುಕೊಳ್ಳಲು ಬಂದಳು. ಕೈಯಲ್ಲಿ ಪಾರದರ್ಶಕ ಪ್ಲಾಸ್ಟಿಕ್ಕಿನ ಒಂದು ಸಾಧನ. ನಡುವೆ ಕೋನಮಾಪಕ, ಅದಕ್ಕೆ ಉದ್ದನೆಯ ಎರಡು ತೋಳು. ಗೋನಿಯೋಮೀಟರ್ ಎಂದು ಅದರ ಹೆಸರು. ಗ್ರೀಕ್ ಭಾಷೆಯಲ್ಲಿ 'ಗೋನಿಯ' ಎಂದರೆ ಕೋನ, 'ಮೆಟ್ರಾನ್' ಎಂದರೆ ಅಳತೆ. ನಮ್ಮ 'ಕೋನಮಾಪಕ' ಅದರ ಸರಿಯಾದ ಕನ್ನಡವೇ ಆಯಿತು. ಆ ಹುಡುಗಿ ಶ್ರೀಮತಿಯನ್ನು ಅಂಗಾತ ಮಲಗಿಸಿ, ತೊಡೆಮೂಳೆಯ ಕೆಳತುದಿಯ ಹೊರಬದಿಯಲ್ಲಿ ಕೈಗೆ ಸಿಗುವ ಉಬ್ಬನ್ನು ಬೆರಳಿನಿಂದ ಹುಡುಕಿ, ಅಲ್ಲಿ ಸಾಧನದ ಕೇಂದ್ರವನ್ನಿಟ್ಟಳು. ಸ್ಥಿರವಾದ ತೋಳನ್ನು ತೊಡೆಯ ಉದ್ದಕ್ಕೂ, ಸೊಂಟದ ಪಕ್ಕದಲ್ಲಿ ತೊಡೆಮೂಳೆಯ ಮೇಲ್ತುದಿ ಉಬ್ಬಿರುವ ಕಡೆಗೆ ಹೊಂದಿಸಿದಳು. ಚಲಿಸುವ ತೋಳನ್ನು ಪಾದದ ಹೊರಬದಿಯ ಗಂಟಿನ ಕಡೆಗೆ ಹಿಡಿದಳು. "ಅಮ್ಮ, ಹಿಮ್ಮಡಿ ಜಾರಿಸ್ತಾ ಹತ್ತಿರಕ್ಕೆ ಎಳ್ಕೊಳ್ಳಿ, ಆಗೋಷ್ಟು" ಎಂದಳು. ಬಾಗಿ, ಕಣ್ಣನ್ನು ಅಂಕಿಗೆ ನೇರವಾಗಿ ತಂದು ಓದಿದಳು. ಮತ್ತೊಮ್ಮೆ ಮಾಡಿಸಿದಳು. ಬರೆದಳು: ಮಡಿಕೆ 74. ಕಾಲನ್ನು ಪೂರ್ತಿ ನೀಡಲು ಹೇಳಿದಾಗ ಇನ್ನೂ 8 ಡಿಗ್ರಿ ಉಳಿದುಕೊಂಡಿತ್ತು, ಅದನ್ನೂ ಬರೆದಳು.

"ಏನಮ್ಮಾ ಇದು, ಆರು ವಾರದಿಂದ ತೊಂಬತ್ತು ಅಂತಿದ್ದಾರಲ್ಲ?" ಎಂದು ನಾನು ವಾದಕ್ಕೇ ಇಳಿದೆ. ಅವಳು ಯಾರನ್ನೂ ದೂರಲಿಲ್ಲ. "ಅಲ್ಲಿ ಹೇಗೆ ಕೂರಿಸಿ ನೋಡ್ತಿದ್ರು ಸರ್?" ಎಂದಷ್ಟೇ ಕೇಳಿದಳು. ನಾನು ವಿವರಿಸಿದೆ. ವಿವರಿಸುತ್ತ ವಿವರಿಸುತ್ತ ನನಗೇ ಉತ್ತರ ಹೊಳೆಯಿತು.

ಮಕ್ಕಳೇ, ಒಂದು ಚಿತ್ರ ಬರೆದುಕೊಳ್ಳಿ. ಎತ್ತರದ ಮಂಚದ ಅಂಚಿನಲ್ಲಿ ದಿಂಬಿನ ಮೇಲೆ ಒಬ್ಬರು ಕುಳಿತಿದ್ದಾರೆ. ಮೊಣಕಾಲಿನ ಕೆಳಗಿನ ಭಾಗ ನೇರ ಕೆಳಕ್ಕೆ ಇಳಿಬಿದ್ದಿದೆ, ನೆಲಕ್ಕೆ ಲಂಬವಾಗಿದೆ. ನೋಡಿದವರ ಕಣ್ಣು 90 ಎನ್ನುತ್ತದೆ. ಆದರೆ ತೊಡೆ ನೆಲಕ್ಕೆ ಸಮಾಂತರವಾಗಿದೆಯೇ? ಇಲ್ಲ. ದಿಂಬಿನಿಂದ ಸೊಂಟ ಮೇಲೆದ್ದು ತೊಡೆ ಮುಂದಕ್ಕೆ ಇಳಿಜಾರಾಗಿದೆ. ಆ ಇಳಿಜಾರು 16 ಡಿಗ್ರಿಯಾದರೆ ಮೊಣಕಾಲು ಮಡಿದಿರುವುದು 90ರಲ್ಲಿ 16 ಕಳೆದು 74 ಮಾತ್ರ. ಲಂಬಕೋನವೇನೋ ಇತ್ತು, ಆದರೆ ಅದು ಕಾಲಿಗೂ ನೆಲಕ್ಕೂ ಮಧ್ಯೆ ಇತ್ತು, ಕಾಲಿಗೂ ತೊಡೆಗೂ ಮಧ್ಯೆ ಇರಲಿಲ್ಲ. ಯಾವ ಎರಡು ರೇಖೆಗಳ ನಡುವಿನ ಕೋನವನ್ನು ಕೇಳಿದ್ದಾರೆಂದು ನೋಡದೆ ಉತ್ತರ ಬರೆದರೆ ಎಂಟನೆಯ ತರಗತಿಯ ಹುಡುಗನಿಗೆ ನಾನು ಸೊನ್ನೆ ಕೊಡುತ್ತಿದ್ದೆ. ಇಲ್ಲಿ ಅದೇ ಉತ್ತರವನ್ನು ಮೂರು ಬಾರಿ ಒಪ್ಪಿ ಸಿಹಿ ಹಂಚಿದ್ದೆ.

ತಡವಾದದ್ದಕ್ಕೆ ಬೆಲೆ ತೆರಬೇಕಾಯಿತು. ಎಂಟನೆಯ ವಾರ ಆಕೆಗೆ ಮತ್ತೆ ಅರಿವಳಿಕೆ ಕೊಟ್ಟು, ಬಿಗಿದುಕೊಂಡ ಮೊಣಕಾಲನ್ನು ವೈದ್ಯರು ಕೈಯಿಂದಲೇ ಒತ್ತಿ ಮಡಿಸಿ ಬಿಡಿಸಿದರು. ಇಂಥ ಬಿಗಿತವನ್ನು ಬೇಗ ಗುರುತಿಸಿದಷ್ಟೂ ಬಿಡಿಸುವುದು ಸುಲಭ. ತಿಂಗಳುಗಳು ಕಳೆದ ಮೇಲೆ ಅದು ಕಷ್ಟವೆಂದು ಅವರು ಹೇಳಿದರು. ನಾಲ್ಕನೆಯ ವಾರದಲ್ಲಿಯೇ ಸರಿಯಾದ ಅಂಕಿ ಸಿಕ್ಕಿದ್ದರೆ ಬಹುಶಃ ವ್ಯಾಯಾಮವನ್ನೇ ಬದಲಿಸಿ ನೋಡಬಹುದಿತ್ತು. ಆಪರೇಷನ್ ಕೊಠಡಿಯ ಬಾಗಿಲಲ್ಲಿ ಎರಡನೆಯ ಬಾರಿ ಕುಳಿತಾಗ ನನ್ನ ಮನಸ್ಸಿನಲ್ಲಿದ್ದದ್ದು ಆ ಮೂರು ತೊಂಬತ್ತುಗಳು.

ಅನಂತರ ಆ ಹುಡುಗಿಯಿಂದ ನಾನು ಈ ವಿದ್ಯೆಯ ಬಗ್ಗೆ ಸ್ವಲ್ಪ ಕೇಳಿ ತಿಳಿದೆ, ಸ್ವಲ್ಪ ಓದಿ ತಿಳಿದೆ. ಅಮೆರಿಕದ ಕೇವ್ ಮತ್ತು ರಾಬರ್ಟ್ಸ್ ಎಂಬ ಇಬ್ಬರು ವೈದ್ಯರು 1936ರಲ್ಲಿಯೇ ಕೀಲುಗಳ ಚಲನೆಯನ್ನು ಒಂದೇ ಕ್ರಮದಲ್ಲಿ ಅಳೆದು ಬರೆಯುವ ವಿಧಾನವನ್ನು ಪ್ರಕಟಿಸಿದ್ದರು. ಅಲ್ಲಿನ ಮೂಳೆ ವೈದ್ಯರ ಅಕಾಡೆಮಿ 1965ರಲ್ಲಿ ಇದಕ್ಕೆಂದೇ ಒಂದು ಕೈಪಿಡಿಯನ್ನು ಹೊರತಂದಿತು. ಅದರ ಮೂಲಸೂತ್ರ ಸರಳ: ನೆಟ್ಟಗೆ ನಿಂತಾಗ ಕೀಲುಗಳಿರುವ ಸ್ಥಿತಿಯನ್ನು ಸೊನ್ನೆ ಎಂದು ಇಟ್ಟುಕೊಂಡು ಅಲ್ಲಿಂದ ಎಣಿಸಬೇಕು. ಇದೇಕೆ ಮುಖ್ಯ? ನೀಡಿದ ಕಾಲನ್ನು ಒಬ್ಬರು 0 ಎಂದೂ ಇನ್ನೊಬ್ಬರು 180 ಎಂದೂ ಬರೆದರೆ, ಒಬ್ಬರ 74 ಇನ್ನೊಬ್ಬರಿಗೆ 106 ಆಗುತ್ತದೆ. ಕಾಲು ಒಂದೇ, ಕಾಗದದ ಮೇಲೆ ರೋಗಿಗಳು ಇಬ್ಬರು!

ನಾನು ಬಿ.ಎಡ್. ಓದುವಾಗ ಮೌಲ್ಯಮಾಪನದ ಪಾಠದಲ್ಲಿ ಎರಡು ಪದಗಳನ್ನು ಉರು ಹೊಡೆದಿದ್ದೆ: ವಿಶ್ವಸನೀಯತೆ ಮತ್ತು ಸಪ್ರಮಾಣತೆ. ಒಂದೇ ಉತ್ತರಪತ್ರಿಕೆಯನ್ನು ಎರಡು ಬಾರಿ ತಿದ್ದಿದರೆ ಒಂದೇ ಅಂಕ ಬರುವುದು ವಿಶ್ವಸನೀಯತೆ. ಅಳೆಯಬೇಕಾದದ್ದನ್ನೇ ಅಳೆಯುವುದು ಸಪ್ರಮಾಣತೆ. ಆ ಪದಗಳ ನಿಜವಾದ ಅರ್ಥ ನನಗೆ ತಿಳಿದದ್ದು ಈ ಮೊಣಕಾಲಿನಿಂದ. ಮಂಚದ ಮೇಲಿನ 90 ಬಹಳ ವಿಶ್ವಸನೀಯವಾಗಿತ್ತು. ಮೂರು ಬಾರಿಯೂ ಅದೇ ಬಂದಿತು! ಆದರೆ ಅದು ಮೊಣಕಾಲನ್ನೇ ಅಳೆಯುತ್ತಿರಲಿಲ್ಲ.

ಸಾಧನವನ್ನು ಹಿಡಿದ ಮಾತ್ರಕ್ಕೆ ಎಲ್ಲವೂ ಸರಿಯಾಗುವುದಿಲ್ಲ ಎಂಬುದನ್ನೂ ಹೇಳಬೇಕು. ಬೂನ್ ಮತ್ತು ಸಂಗಡಿಗರು 1978ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಒಬ್ಬರೇ ಮತ್ತೆ ಮತ್ತೆ ಅಳೆದಾಗ ಬರುವ ವ್ಯತ್ಯಾಸಕ್ಕಿಂತ ಬೇರೆ ಬೇರೆಯವರು ಅಳೆದಾಗ ಬರುವ ವ್ಯತ್ಯಾಸ ಹೆಚ್ಚೆಂದು ಕಂಡುಬಂತು. ಆದ್ದರಿಂದ ಸಾಧ್ಯವಾದಷ್ಟೂ ಒಬ್ಬರೇ ಅಳೆಯುವುದು ಒಳ್ಳೆಯದು. ಇನ್ನು ಲೆಕ್ಕದ ಮಾತು. ಕೇಂದ್ರದಿಂದ 40 ಸೆಂಟಿಮೀಟರ್ ದೂರದಲ್ಲಿರುವ ಪಾದದ ಗಂಟನ್ನು ಗುರಿಯಾಗಿಟ್ಟುಕೊಂಡು ತೋಳನ್ನು ಹಿಡಿದರೆ, ಗುರಿ ಮೂರೂವರೆ ಸೆಂಟಿಮೀಟರ್ ತಪ್ಪಿದಾಗ 5 ಡಿಗ್ರಿ ತಪ್ಪಾಗುತ್ತದೆ. 15 ಸೆಂಟಿಮೀಟರಿನ ಗಿಡ್ಡ ತೋಳನ್ನು ಅಂದಾಜಿನಲ್ಲಿ ಹಿಡಿದರೆ ಅದರ ತುದಿ ಬರೀ 1.3 ಸೆಂಟಿಮೀಟರ್ ಸರಿದರೂ ಅಷ್ಟೇ ತಪ್ಪು. ಬೆರಳಿನ ಅಗಲದಷ್ಟು! ಉದ್ದದ ಮೂಳೆಗೆ ಉದ್ದದ ತೋಳೇ ಏಕೆ ಬೇಕೆಂಬುದು ಇದರಿಂದ ತಿಳಿಯುತ್ತದೆ. ಅಂಕಿಯನ್ನು ಓರೆಯಾಗಿ ನೋಡಿದರೆ ಬರುವ ತಪ್ಪನ್ನು ನೀವು ಪ್ರಯೋಗಶಾಲೆಯಲ್ಲಿ ಅಳತೆಪಟ್ಟಿಯ ಮೇಲೆಯೇ ಕಂಡಿದ್ದೀರಿ.

ದೇಹವಂತೂ ನಮ್ಮ ಕಪ್ಪುಹಲಗೆಯ ತ್ರಿಕೋನದಂತೆ ಸುಮ್ಮನೆ ನಿಲ್ಲುವುದಿಲ್ಲ. ಒಂದು ಕೀಲಿಗೆ ಆಗದ್ದನ್ನು ಪಕ್ಕದ ಕೀಲು ಮಾಡಿಕೊಟ್ಟು ಮುಚ್ಚಿಹಾಕುತ್ತದೆ. ಪರೀಕ್ಷೆಯಲ್ಲಿ ಪಕ್ಕದವನಿಗೆ ತೋರಿಸುವ ಹುಡುಗನಂತೆ. ಭುಜ ಬಿಗಿದವರಿಗೆ ಕೈಯೆತ್ತಲು ಹೇಳಿದರೆ ಬೆನ್ನನ್ನೇ ಹಿಂದಕ್ಕೆ ಬಾಗಿಸಿ ಎತ್ತಿ ತೋರಿಸುತ್ತಾರೆ. ಕೈಯನ್ನು ಪಕ್ಕದಿಂದ ಪೂರ್ತಿ ಮೇಲೆತ್ತುವ 180 ಡಿಗ್ರಿಯಲ್ಲಿ ಭುಜದ ಕೀಲಿನದು ಸುಮಾರು ಮೂರರಲ್ಲಿ ಎರಡು ಭಾಗ, ಉಳಿದದ್ದು ಹೆಗಲೆಲುಬಿನದು ಎಂಬ ಲೆಕ್ಕ 1944ರಲ್ಲಿಯೇ ಪ್ರಕಟವಾಗಿದೆ. ಹೆಗಲೆಲುಬನ್ನು ಹಿಡಿದು ನಿಲ್ಲಿಸದೆ ಅಳೆದರೆ ಯಾರ ಅಂಕ ಯಾರ ಖಾತೆಗೆ ಹೋಯಿತೆಂದೇ ತಿಳಿಯುವುದಿಲ್ಲ. ಪಾದವನ್ನು ಮೇಲಕ್ಕೆ ಮಡಿಸುವುದನ್ನು ಮೊಣಕಾಲು ನೀಡಿ ಅಳೆದರೆ ಒಂದು, ಮಡಿಸಿ ಅಳೆದರೆ ಇನ್ನೊಂದು. ಏಕೆಂದರೆ ಮೀನಖಂಡದ ದೊಡ್ಡ ಸ್ನಾಯು ಎರಡೂ ಕೀಲುಗಳನ್ನು ದಾಟಿ ಹೋಗುತ್ತದೆ. ರೋಗಿ ತಾನೇ ಮಡಿಸಿದ್ದೋ, ಇನ್ನೊಬ್ಬರು ಒತ್ತಿ ಮಡಿಸಿದ್ದೋ ಎಂಬುದರಿಂದಲೂ ಅಂಕಿ ಬದಲಾಗುತ್ತದೆ. ಇವನ್ನೆಲ್ಲ ಪಕ್ಕದಲ್ಲಿ ಬರೆಯದ ಅಂಕಿ ಮಾನವಿಲ್ಲದ ಉತ್ತರದಂತೆ. 'ಐದು' ಎಂದು ಬರೆದು ಮೀಟರೋ ಕಿಲೋಮೀಟರೋ ಹೇಳದಿದ್ದರೆ ನಾನೇನು ಮಾಡುತ್ತಿದ್ದೆನೆಂದು ನಿಮಗೆ ನೆನಪಿದೆ.

ಇದಕ್ಕೆ ಬರುವ ಆಕ್ಷೇಪಣೆಗಳನ್ನೂ ನಾನು ಬಲ್ಲೆ. ಮೊದಲನೆಯದು, ಸಮಯವೆಲ್ಲಿದೆ ಎಂಬುದು. ಹೊರಗೆ ಸಾಲುಗಟ್ಟಿ ಜನ ಕುಳಿತಿರುವಾಗ ಒಬ್ಬೊಬ್ಬರ ಕೀಲನ್ನೂ ಅಳೆಯುತ್ತ ಕೂರಲಾದೀತೇ? 60 ಮಕ್ಕಳ ತರಗತಿಯನ್ನು ನಡೆಸಿದವನಾದ್ದರಿಂದ ನನಗೆ ಈ ಕಷ್ಟ ಅರ್ಥವಾಗುತ್ತದೆ. ಆದರೆ ಆ ಹುಡುಗಿ ತೆಗೆದುಕೊಂಡದ್ದು ಮೂರು ನಾಲ್ಕು ನಿಮಿಷ. ದಿನವೂ ಬೇಡ, ವಾರಕ್ಕೊಮ್ಮೆ ಸಾಕು. ಅಷ್ಟು ನಿಮಿಷವನ್ನು ಉಳಿಸಿದ್ದರಿಂದ ನಮಗೆ ಒಂದು ಅರಿವಳಿಕೆಯೇ ಹೆಚ್ಚಾಯಿತು.

ಎರಡನೆಯದು, ಅನುಭವಿಗಳ ಕಣ್ಣೇ ಸಾಕೆಂಬುದು. ನುರಿತ ಕಣ್ಣನ್ನು ನಾನು ಗೌರವಿಸುತ್ತೇನೆ. ನಮ್ಮ ಹಳ್ಳಿಯ ಬಡಗಿ ಕಣ್ಣಳತೆಯಲ್ಲೇ ಮರದ ಓರೆ ಹೇಳುತ್ತಿದ್ದ. ಆದರೆ ಬಾಗಿಲು ಕೂರಿಸುವಾಗ ಮೂಲೆಮಟ್ಟವನ್ನು ಇಟ್ಟು ನೋಡದೆ ಮೊಳೆ ಹೊಡೆಯುತ್ತಿರಲಿಲ್ಲ. ಕಣ್ಣಿಗೆ ದುಂಡು ಅಂಕಿಗಳ ಮೇಲೆ ಮೋಹ. 90 ಕಾಣುತ್ತದೆ, 74 ಕಾಣುವುದಿಲ್ಲ.

ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮವಾದದ್ದು. ನೋವಿನಲ್ಲಿರುವವರಿಗೆ ಕಡಿಮೆ ಅಂಕಿ ಹೇಳಿ ಎದೆಗುಂದಿಸುವುದೇಕೆ? ಆ ಯುವಕರು ಬೇಕೆಂದು ತಪ್ಪು ಬರೆದರೆಂದು ನಾನು ಹೇಳಲಾರೆ. ನನಗೆ ಅನ್ನಿಸುವುದು, ಅವರ ಕರುಣೆಯೂ ಕಣ್ಣಿನ ಜೊತೆ ಸೇರಿ ಓದಿತ್ತು. ಇದನ್ನು ನಾನು ಚೆನ್ನಾಗಿ ಬಲ್ಲೆ, ಏಕೆಂದರೆ ನಾನೂ ಮಾಡಿದ್ದೇನೆ. 31 ಬಂದ ಹುಡುಗನಿಗೆ 35 ಹಾಕಿ ತೇರ್ಗಡೆ ಮಾಡಿದ್ದೇನೆ. ಅವರಲ್ಲಿ ಕೆಲವರಿಗೆ ಅದರಿಂದ ಒಳಿತಾಯಿತು. ಆದರೆ ಮುಂದಿನ ತರಗತಿಯಲ್ಲಿ ಏನೂ ಅರ್ಥವಾಗದೆ ಕುಳಿತು, ಕೊನೆಗೆ ಶಾಲೆಯನ್ನೇ ಬಿಟ್ಟವರೂ ಇದ್ದರು. ಅವರಿಗೆ ಬೇಕಾಗಿದ್ದದ್ದು ನಾಲ್ಕು ಅಂಕವಲ್ಲ, ನಾಲ್ಕು ಸಂಜೆಗಳ ಪಾಠ. ನಿಜವಾದ 31 ಕಂಡಿದ್ದರೆ ಆ ಪಾಠ ಯಾರಾದರೂ ಮಾಡುತ್ತಿದ್ದರೇನೋ. ಹುಸಿ ಅಂಕ ಕೊಟ್ಟವರಿಗೂ ಪಡೆದವರಿಗೂ ಅಂದು ಸುಖವೇ. ಸಾಲ ತೀರಿಸಬೇಕಾದವರು ಮಾತ್ರ ಪಡೆದವರು.

ಹಾಗೆಂದು ಅಂಕಿಯೇ ಸರ್ವಸ್ವವೆಂಬ ಇನ್ನೊಂದು ತುದಿಗೂ ಹೋಗಬಾರದು. ಈಗ ಮೊಬೈಲ್ ಫೋನನ್ನು ಕಾಲಿಗೆ ಒತ್ತಿ ಹಿಡಿದರೆ ಕೋನ ತೋರಿಸುವ ಆ್ಯಪ್‌ಗಳಿವೆ. ಸರಿಯಾಗಿ ಬಳಸಿದರೆ ಅವು ಉಪಯುಕ್ತವೇ. ಆದರೆ ಪರದೆಯ ಮೇಲೆ 73.4 ಎಂದು ಬಂದ ಮಾತ್ರಕ್ಕೆ ಆ ದಶಾಂಶಕ್ಕೆ ಅರ್ಥವಿರುವುದಿಲ್ಲ. ಆ ಹುಡುಗಿ ಹೇಳಿದ ಒಂದು ಮಾತು ನನಗೆ ಬಹಳ ಹಿಡಿಸಿತು: "ಐದು ಡಿಗ್ರಿ ಒಳಗಿನ ವ್ಯತ್ಯಾಸ ಬಂದ್ರೆ ನಾನು ಸುಧಾರಿಸಿದೆ ಅಂತಾನೂ ಬರೆಯಲ್ಲ, ಕಡಿಮೆ ಆಯ್ತು ಅಂತಾನೂ ಬರೆಯಲ್ಲ ಸರ್. ಅದು ನನ್ನ ಕೈಯ ವ್ಯತ್ಯಾಸ ಇರಬಹುದು." ತನ್ನ ಅಳತೆ ಎಷ್ಟು ತಪ್ಪಬಹುದೆಂದು ತಿಳಿದಿರುವುದೇ ಅಳೆಯುವವರ ದೊಡ್ಡ ಅರ್ಹತೆ. 40 ವರ್ಷ ಹಿಂದೆ ಅದು ನನಗೆ ತಿಳಿದಿದ್ದರೆ ನಿಮ್ಮ ದಪ್ಪ ಪೆನ್ಸಿಲಿನ ಮೊನೆಗೆ ನಾನು ಇನ್ನಷ್ಟು ದಯೆ ತೋರುತ್ತಿದ್ದೆ.

ಅಂಕಿಯ ಪಕ್ಕದಲ್ಲಿ ಬದುಕನ್ನೂ ಬರೆಯಬೇಕು. ಸಮತಟ್ಟಾದ ನೆಲದಲ್ಲಿ ನಡೆಯಲು ಮೊಣಕಾಲು 60ರಿಂದ 70 ಡಿಗ್ರಿ ಮಡಿದರೆ ಸಾಕು. ಮೆಟ್ಟಿಲಿಗೆ 80ರಿಂದ 100 ಬೇಕು, ಕುರ್ಚಿಯಿಂದ ಏಳಲು 90ರ ಮೇಲೆ ಬೇಕು. 74 ಡಿಗ್ರಿಯ ಕಾಲು ನಡೆಯಬಲ್ಲದು, ಆದರೆ ಏಳಲಾರದು. ನನ್ನ ಶ್ರೀಮತಿಯ ಸ್ಥಿತಿ ಅದೇ ಆಗಿತ್ತು. "ಆ ತೊಂಬತ್ತು ಎಲ್ಲಿದೆ" ಎಂದ ಆಕೆಯ ಪ್ರಶ್ನೆಯೇ ಎಲ್ಲರಿಗಿಂತ ಮೊದಲು ಬಂದ ಸರಿಯಾದ ಅಳತೆ. ಅಂಕಿಗೂ ರೋಗಿಯ ಮಾತಿಗೂ ತಾಳೆಯಾಗದಿದ್ದರೆ ಮತ್ತೆ ಅಳೆಯಬೇಕು, ರೋಗಿಯನ್ನು ಗದರಿಸಬಾರದು.

ಇದು ಬರೀ ನಮ್ಮ ಮನೆಯ ಮಾತಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಂತೆ ಉದ್ಯೋಗ ಮೀಸಲಾತಿಯಂಥ ಸೌಲಭ್ಯಗಳಿಗೆ ಕನಿಷ್ಠ ಶೇಕಡಾ 40ರಷ್ಟು ಅಂಗವೈಕಲ್ಯ ಪ್ರಮಾಣೀಕೃತವಾಗಿರಬೇಕು. ಕೈಕಾಲುಗಳ ವೈಕಲ್ಯವನ್ನು ಲೆಕ್ಕ ಹಾಕುವಾಗ ಕೀಲುಗಳ ಚಲನೆಯೂ ಲೆಕ್ಕಕ್ಕೆ ಬರುತ್ತದೆ. ಗಡಿಯ ಹತ್ತಿರ ನಿಂತ ಒಬ್ಬ ಬಡ ಹುಡುಗನಿಗೆ ಕೆಲವು ಡಿಗ್ರಿಗಳ ಕಣ್ಣಂದಾಜು ಏನು ಮಾಡಬಲ್ಲದೆಂದು ಯೋಚಿಸಿ.

ಆದ್ದರಿಂದ ನನ್ನ ಅಭಿಪ್ರಾಯವಿಷ್ಟು. ಫಿಸಿಯೋಥೆರಪಿಗೆ ಹೋಗುವ ಪ್ರತಿಯೊಬ್ಬರಿಗೂ ತಮ್ಮ ಕೀಲನ್ನು ಸಾಧನದಿಂದ ಅಳೆಸಿಕೊಳ್ಳುವ, ಆ ಅಂಕಿಯನ್ನು ದಿನಾಂಕ, ಮಲಗಿದ್ದೋ ಕುಳಿತಿದ್ದೋ, ತಾನೇ ಮಡಿಸಿದ್ದೋ ಒತ್ತಿದ್ದೋ, ಅಳೆದವರು ಯಾರು ಎಂಬ ವಿವರಗಳೊಡನೆ ಬರೆಸಿಕೊಳ್ಳುವ ಹಕ್ಕಿದೆ. ವಿನಯದಿಂದ ಕೇಳಿ, ಆದರೆ ಕೇಳಿ. ಮನೆಯಲ್ಲಿ ನೀವೇ ಕಂಪಾಸು ಪೆಟ್ಟಿಗೆ ತೆಗೆದು ಒತ್ತಿ ಮಡಿಸಲು ಹೋಗಬೇಡಿ; ಅದು ಕಲಿತವರ ಕೆಲಸ. ನಿಮ್ಮಲ್ಲಿ ಫಿಸಿಯೋಥೆರಪಿ ಓದಿದವರು ಮೂವರಿದ್ದೀರೆಂದು ಬಲ್ಲೆ. ನಿಮಗೆ ನನ್ನ ಒಂದೇ ಕೋರಿಕೆ: ರೋಗಿಗೆ ಸಮಾಧಾನ ಹೇಳಿ, ಹುರಿದುಂಬಿಸಿ, ನಗಿಸಿ, ಅಂಕಿಯನ್ನು ಮಾತ್ರ ಇದ್ದದ್ದು ಇದ್ದ ಹಾಗೆ ಬರೆಯಿರಿ. ನಾನು ಬರೆದದ್ದರಲ್ಲಿ ತಪ್ಪಿದ್ದರೆ ಮೇಷ್ಟ್ರೆಂಬ ಸಂಕೋಚವಿಲ್ಲದೆ ತಿದ್ದಿ.

ಶ್ರೀಮತಿಯ ಮೊಣಕಾಲು ಈಗ 112 ಡಿಗ್ರಿ ಮಡಿಯುತ್ತದೆ. ನೀಡುವಾಗ 3 ಡಿಗ್ರಿ ಉಳಿಯುತ್ತದೆ. ಮೊದಲಿನಂತೆ ಮಣೆಯ ಮೇಲೆ ಕೂರಲು ಆಗುವುದಿಲ್ಲ, ದೇವರ ಮನೆಯಲ್ಲಿ ಒಂದು ಕುರ್ಚಿ ಬಂದಿದೆ. ಆದರೆ ಆ ಕುರ್ಚಿಯಿಂದ ಕೈಯೂರದೆ ಏಳುತ್ತಾಳೆ. ಎಂಟನೆಯ ವಾರದಿಂದೀಚಿನ ಅಳತೆಗಳೆಲ್ಲ ಬೀರುವಿನ ಬಾಗಿಲಿನ ಒಳಗೆ ಅಂಟಿಸಿದ ಹಾಳೆಯಲ್ಲಿವೆ. ಒಮ್ಮೆ 81 ಆದದ್ದು ಮರುವಾರ 79ಕ್ಕೆ ಇಳಿದದ್ದೂ ಅದರಲ್ಲಿದೆ. ಆ ದಿನ ನಾನು ಬೇಸರಪಟ್ಟಾಗ ಆಕೆಯೇ, "ಇರಲಿ ಬಿಡಿ, ಎಷ್ಟಿದೆ ಅಂತ ಗೊತ್ತಾಯ್ತಲ್ಲ" ಎಂದಿದ್ದಳು.

ನಿಮ್ಮ ಮೇಷ್ಟ್ರು